ನಮ್ಮತ್ತೆಯ ಡೂಕಪ್ಪ

ಎಂ.ಎ.ಗೆ ಅರ್ಜಿ ಹಾಕಿದಾಗ ನನಗೆ ಮೂವತ್ತೊಂದು ವರ್ಷ. ಇಬ್ಬರು ಮಕ್ಕಳು, ಮೂರು ಪಾಳಿಯಲ್ಲಿ ದುಡಿಯುವ ಗಂಡ, ಅತ್ತೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಯ ಮನೆ. ಆಗ ತೊಂಬತ್ತರ ದಶಕದ ನಡುಭಾಗ. ಅಂಚೆಯ ಮೂಲಕ ಓದುವ ಕೋರ್ಸು, ಇತಿಹಾಸ ವಿಷಯ. ಪಾಠದ ಪುಸ್ತಿಕೆಗಳು ಖಾಕಿ ಲಕೋಟೆಯಲ್ಲಿ ಬರುತ್ತಿದ್ದವು. ಮೊದಲ ಲಕೋಟೆ ಬಂದ ದಿನ ಅತ್ತೆ ಅದನ್ನು ಅಂಗೈಯಲ್ಲಿ ತೂಗಿ ನೋಡಿ, “ಇಷ್ಟು ದಪ್ಪದ ಕಾಗದ ಬರೆಯೋರು ಯಾರೇ ನಿಂಗೆ?” ಎಂದಿದ್ದರು.

ನಾನು ಓದುವುದಕ್ಕೆ ಅವರ ಅಡ್ಡಿಯೇನೂ ಇರಲಿಲ್ಲ. ಅವರಿಗೆ ಆಗದಿದ್ದದ್ದು ನಾನು ಸದ್ದಿಲ್ಲದೆ ಓದುವುದು. ಅವರು ಮೂರನೇ ಕ್ಲಾಸಿನವರೆಗೆ ಓದಿದ್ದರು. ಆ ಮೂರು ವರ್ಷವೂ ಗಟ್ಟಿಯಾಗಿ ಕೂಗಿ ಓದಿದ್ದರಂತೆ.

“ಬಾಯಿ ಅಲ್ಲಾಡದೆ ಓದೋದು ಎಂಥ ಓದು ಮಾರಾಯ್ತಿ? ತೂಕಡಿಸೋರೂ ಹಂಗೇ ಕೂತಿರ್ತಾರೆ” ಎನ್ನುತ್ತಿದ್ದರು.

ಹೀಗಾಗಿ ಮಧ್ಯಾಹ್ನ ಊಟವಾದ ಮೇಲೆ ಮುಂದಿನ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವುದು ರೂಢಿಯಾಯಿತು. ಅತ್ತೆ ಅಕ್ಕಿ ಆರಿಸುತ್ತಲೋ ಅವರೆಕಾಯಿ ಬಿಡಿಸುತ್ತಲೋ ಕೇಳುತ್ತಿದ್ದರು. ಪಕ್ಕದ ಮನೆಯ ತಮಿಳು ಅಕ್ಕ ತನ್ನ ಮೊರವನ್ನೂ ತಂದು ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಗಂಡನೂ ನನ್ನ ಗಂಡನ ಡಿಪಾರ್ಟ್‌ಮೆಂಟಿನವನೇ. ಯುರೋಪಿನ ಒಪ್ಪಂದಗಳು, ಗಡಿಗಳು, ಸಂಧಾನಗಳು ಅಂತ ನಾನು ಓದುತ್ತಾ ಹೋದರೆ ಹತ್ತು ನಿಮಿಷದಲ್ಲಿ ಇಬ್ಬರ ತಲೆಯೂ ಎದೆಗೆ ತಾಗುತ್ತಿತ್ತು. ಸದ್ದಿಲ್ಲದೆ ಓದುವ ಅವಕಾಶ ನನಗೆ ಸಿಗುತ್ತಿದ್ದದ್ದು ಆಮೇಲೆ.

ಫ್ರಾನ್ಸಿನ ಕ್ರಾಂತಿಯ ಪಾಠ ಓದುತ್ತಿದ್ದ ದಿನ ಒಂದು ಸಾಲು ಬಂತು. ರಾಜನ ದಾಯಾದಿಯೂ ಭಾರೀ ಶ್ರೀಮಂತನೂ ಆದ ಒಬ್ಬ ಡ್ಯೂಕ್ ಜನರ ಪಕ್ಷಕ್ಕೆ ಹೋದ ಎಂದು. ಅಷ್ಟೇ. ಮುಂದಿನ ಸಾಲಿನಲ್ಲಿ ತೆರಿಗೆಯ ವಿಚಾರ ಶುರುವಾಗಿತ್ತು. ಅತ್ತೆ ತಲೆ ಎತ್ತಿದರು.

“ದಾಯಾದಿನಾ?”

“ಹೌದು ಅತ್ತೆ. ರಾಜನ ವಂಶದವನೇ. ಬೇರೆ ಕವಲು.”

“ಯಾಕೆ ಆ ಕಡೆ ಹೋದ? ಆಸ್ತಿ ಜಗಳವಾ? ಹೆಂಡ್ತಿ ಯಾರ ಮನೆ ಮಗಳು?”

ನನಗೆ ಗೊತ್ತಿರಲಿಲ್ಲ. ಪುಸ್ತಿಕೆಯಲ್ಲಿ ಇರಲಿಲ್ಲ. ಭಾನುವಾರ ಶಿವಮೊಗ್ಗದಲ್ಲಿ ನಮಗೆ ತರಗತಿ ಇರುತ್ತಿತ್ತು. ಖಾಸಗಿ ಬಸ್ಸಿನಲ್ಲಿ ನಿಂತೇ ಹೋಗಿ ಬರುತ್ತಿದ್ದೆ. ಅಲ್ಲಿ ಪಾಠ ಮಾಡುವ ಮೇಷ್ಟ್ರನ್ನು, “ಸರ್, ಆ ಡ್ಯೂಕನ ಹೆಂಡತಿ ಯಾರು?” ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, “ಅದೆಲ್ಲ ಸಿಲೆಬಸ್ಸಲ್ಲಿ ಬರಲ್ಲಮ್ಮ” ಎಂದರು. ಬರಿಗೈಯಲ್ಲಿ ಮನೆಗೆ ಹೋಗಲು ಧೈರ್ಯವಾಗದೆ ಲೈಬ್ರರಿಗೆ ಹೋದೆ. ಮೂಲೆಯ ಬೀರುವಿನಲ್ಲಿ ಆ ಡ್ಯೂಕನ ಬಗ್ಗೆಯೇ ಬರೆದ ಇಂಗ್ಲಿಷಿನ ದಪ್ಪ ಪುಸ್ತಕವೊಂದಿತ್ತು. ಹುಳ ಹಿಡಿದು, ಬೆನ್ನು ಹರಿದು ಹೋಗಿತ್ತು. ಮನೆಗೆ ಒಯ್ಯುವ ಹಾಗಿಲ್ಲ, ಅಲ್ಲೇ ಕೂತು ಓದಬೇಕು ಎಂದರು ಲೈಬ್ರರಿಯವರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಲವತ್ತು ಪುಟ ಓದಿ, ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಮಾಡಿಕೊಂಡು, ಕೊನೆಯ ಬಸ್ಸಿಗಿಂತ ಒಂದು ಬಸ್ಸು ಮುಂಚೆ ಹೊರಟೆ.

ಹೀಗೆ ಭಾನುವಾರ ಓದುವುದು, ಸೋಮವಾರ ಹೇಳುವುದು ಶುರುವಾಯಿತು. ಅವನ ಫ್ರೆಂಚ್ ಹೆಸರು ನನ್ನ ಬಾಯಲ್ಲೇ ನೆಟ್ಟಗೆ ಹೊರಡುತ್ತಿರಲಿಲ್ಲ, ಇನ್ನು ಅತ್ತೆಯ ಮಾತೇನು. ಅವರು ಮೊದಲ ದಿನವೇ ಅವನಿಗೆ ಡೂಕಪ್ಪ ಎಂದು ಹೆಸರಿಟ್ಟರು. 

ಹೆಂಡತಿ ದೇಶಕ್ಕೇ ದೊಡ್ಡ ಶ್ರೀಮಂತರ ಮನೆಯ ಮಗಳು, ದೈವಭಕ್ತೆ ಎಂದಾಗ ತಮಿಳು ಅಕ್ಕ, “ಪಾವಂ” ಎಂದು ಆಗಲೇ ನಿಟ್ಟುಸಿರು ಬಿಟ್ಟಳು. ಡೂಕಪ್ಪನ ಮಕ್ಕಳಿಗೆ ಪಾಠ ಹೇಳಲು ಒಬ್ಬ ಹೆಂಗಸನ್ನು ನೇಮಿಸಿದ್ದರು, ಅವಳು ರಾಜಕುಮಾರರಿಗೆ ಮರಗೆಲಸ ಕಲಿಸಿದಳು, ಭಾರ ಎತ್ತಿಸಿದಳು, ಒಂದೊಂದು ಭಾಷೆಗೆ ಒಬ್ಬೊಬ್ಬ ಆಳನ್ನಿಟ್ಟು ಮಾತು ಕಲಿಸಿದಳು ಎಂದೆ. ಅತ್ತೆಗೆ ಬಹಳ ಖುಷಿಯಾಯಿತು. ಮುಂದಿನದನ್ನು ಹೇಗೆ ಹೇಳುವುದೆಂದು ತಡವರಿಸಿ, “ಅವಳಿಗೂ ಡೂಕಪ್ಪನಿಗೂ ಸ್ನೇಹ ಇತ್ತಂತೆ” ಎಂದೆ.

“ಸ್ನೇಹ ಅಂದ್ರೆ?”

“ಸ್ನೇಹ ಅತ್ತೆ.”

ಅವರು ಒಂದು ಅವರೆಕಾಯಿ ಬಿಡಿಸಿ ಹಾಕಿ, “ಓಹೋ, ಆ ಸ್ನೇಹ” ಎಂದರು. ತಮಿಳು ಅಕ್ಕ ಮತ್ತೊಮ್ಮೆ, “ಪಾವಂ ಆ ಹೆಂಡ್ತಿ” ಎಂದಳು. ತಾನು ಮೊದಲೇ ಹೇಳಿದ್ದೆ ಎಂಬ ಹೆಮ್ಮೆ ಅವಳ ಮುಖದಲ್ಲಿತ್ತು.

ಸಮುದ್ರದ ಯುದ್ಧಕ್ಕೆ ಹೋಗಿ ಡೂಕಪ್ಪ ಗೆದ್ದು ಬಂದನೆಂದು ಪ್ಯಾರಿಸಿನ ಜನ ಚಪ್ಪಾಳೆ ತಟ್ಟಿ ಮೆರೆಸಿದರು. ಸ್ವಲ್ಪ ದಿನಕ್ಕೇ, ಅವನು ಸಿಗ್ನಲ್ ಬಾವುಟ ಕಂಡರೂ ಹಡಗು ತಿರುಗಿಸಲಿಲ್ಲವಂತೆ ಎಂಬ ಸುದ್ದಿ ಬಂದು, ಅದೇ ಜನ ಅವನ ಮೇಲೆ ಲಾವಣಿ ಕಟ್ಟಿ ಹಾಡಿದರು. ಆಮೇಲೆ ಅವನು ತನ್ನ ಅರಮನೆಯ ತೋಟದ ಹಳೇ ಮರಗಳನ್ನು ಕಡಿಸಿ ಸುತ್ತಲೂ ಸಾಲಂಗಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟ. ಮರ ಕಡಿದದ್ದಕ್ಕೆ ಊರೆಲ್ಲ ಬೈಯಿತು. ಅಂಗಡಿ ಬಂದ ಮೇಲೆ ಊರೆಲ್ಲ ಅಲ್ಲೇ ಹೋಗಿ ಕೂತಿತು. “ಜನ ಎಲ್ಲಾ ಕಡೆ ಒಂದೇ” ಎಂದರು ಅತ್ತೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಬಲೂನಿನ ಕತೆ. ಆಗ ಗ್ಯಾಸು ತುಂಬಿದ ಬಲೂನಿನಲ್ಲಿ ಮನುಷ್ಯರು ಹಾರುವುದು ಹೊಸದು. ಡೂಕಪ್ಪನೂ ಹತ್ತಿದ. ಊರಿಗೆ ಊರೇ ನೋಡುತ್ತಿರುವಾಗ ಬಲೂನು ಮೋಡದೊಳಗೆ ಹೋಯಿತು, ಮೇಲೇರುತ್ತಲೇ ಹೋಯಿತು, ಇಳಿಯಲು ಒಲ್ಲೆ ಎಂದಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಒಂದು ದನಿ ಬಂತು.

“ಗ್ಯಾಸ್ ಬಿಡೋಕೆ ವಾಲ್ವ್ ಇರ್ಲಿಲ್ವಾ ಅದಕ್ಕೆ?”

ರಾತ್ರಿ ಪಾಳಿ ಮುಗಿಸಿ ಬಂದು ಮುಸುಕು ಹೊದ್ದು ಮಲಗಿದ್ದ ನನ್ನ ಗಂಡ! ಎಷ್ಟು ಸೋಮವಾರಗಳಿಂದ ಹೀಗೆ ನಿದ್ದೆ ಮಾಡುತ್ತಿದ್ದರೋ.

“ದಾರಿ ಇತ್ತು. ಒಳಗೆ ಇನ್ನೊಂದು ಸಣ್ಣ ಬಲೂನು ಇಟ್ಟಿದ್ರು, ಅದು ಹೋಗಿ ದಾರಿಗೆ ಅಡ್ಡ ಕೂತ್ಕೊಂಡ್ತು” ಎಂದೆ.

ಅವರು ಎದ್ದೇ ಬಂದರು. “ಯಾವನೋ ಅದನ್ನ ಡಿಸೈನ್ ಮಾಡಿದ್ದು!”

ಡೂಕಪ್ಪ ಬಾವುಟದ ಕೋಲಿನಿಂದ ಬಲೂನಿಗೆ ತೂತು ಹೊಡೆದ. ತೂತು ಹರಿದು ದೊಡ್ಡದಾಯಿತು. ಎಲ್ಲರೂ ದಬದಬನೆ ಕೆಳಗೆ ಬಂದು, ಒಂದು ಕೆರೆಯ ಪಕ್ಕ ಬಿದ್ದರೂ ಯಾರಿಗೂ ಏನೂ ಆಗಲಿಲ್ಲ. ಅಲ್ಲಿದ್ದವರ ಜೀವ ಉಳಿಸಿದವನು ಅವನೇ. ಆದರೂ ಹೆದರುಪುಕ್ಕ ಎಂದು ಪ್ಯಾರಿಸು ನಕ್ಕಿತಂತೆ. ನನ್ನ ಗಂಡ ಬಹಳ ಗಂಭೀರವಾಗಿ, “ಅವನು ಮಾಡಿದ್ದೇ ಸರಿ. ಪ್ರೆಶರ್ ಇಳಿಸಬೇಕಿತ್ತು, ಇಳಿಸಿದ” ಎಂದು ತೀರ್ಪು ಕೊಟ್ಟು ಮತ್ತೆ ಹೋಗಿ ಮಲಗಿದರು. ಅತ್ತೆ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತಿನಿಂದ ಡೂಕಪ್ಪ ನಮ್ಮ ಮನೆಯವನಾದ. ಸಾರು ಚೆನ್ನಾಗಿದ್ದ ದಿನ ಅತ್ತೆ, “ಡೂಕಪ್ಪನಿಗೆ ಇದು ಸಿಕ್ಕಿರ್ಲಿಲ್ಲ ಪಾಪ” ಎನ್ನುತ್ತಿದ್ದರು.

ಕ್ರಾಂತಿ ಶುರುವಾಗಿ ಅವನು ಪದವಿ, ವಂಶದ ಹೆಸರು ಎಲ್ಲ ಬಿಟ್ಟು ‘ಸಮಾನತೆ’ ಎಂದೇ ಹೆಸರಿಟ್ಟುಕೊಂಡ ಎಂದಾಗ ಅತ್ತೆ ಪೂಜೆಗೆ ಕೂತವರ ಹಾಗೆ ನೆಟ್ಟಗೆ ಕೂತರು. “ನಮ್ಮ ಶರಣರು ಹೇಳಿದ್ದೂ ಅದೇ ಅಲ್ವೇನೆ? ಆದ್ರೆ ಸಮಾನಪ್ಪ ಅಂತ ಕರೆಯೋಕೆ ಬಾಯಿ ಬರಲ್ಲ, ಡೂಕಪ್ಪನೇ ಇರ್ಲಿ” ಎಂದರು. 

ಅದಕ್ಕೇ ಮುಂದಿನ ಭಾನುವಾರ ಲೈಬ್ರರಿಯಲ್ಲಿ ಕೂತು ಓದಿದ್ದನ್ನು ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಸೋಮವಾರ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಾಜ ಸೆರೆಯಲ್ಲಿದ್ದಾನೆ. ಅವನನ್ನು ಏನು ಮಾಡಬೇಕೆಂದು ಸಭೆ ಕೂತಿದೆ. ಒಬ್ಬೊಬ್ಬರ ಹೆಸರು ಕೂಗುತ್ತಾರೆ, ಹೆಸರು ಬಂದವನು ಎಲ್ಲರ ಎದುರು ನಿಂತು ಬಾಯಿಬಿಟ್ಟು ತನ್ನ ತೀರ್ಪು ಹೇಳಬೇಕು. ಡೂಕಪ್ಪನ ಸರದಿ ಬಂತು. ಅವನು ಎದ್ದ. ಮರಣದಂಡನೆ ಎಂದ. ರಾಜನನ್ನು ಕೊಲ್ಲಬೇಕೆಂದು ಕೂತವರೂ ಅದನ್ನು ಕೇಳಿ ಗರಬಡಿದವರ ಹಾಗಾದರಂತೆ.

ಅತ್ತೆಯ ಕೈ ನಿಂತಿತು. “ದಾಯಾದಿ ಮೇಲಾ?”

“ಹೌದು ಅತ್ತೆ.”

“ಎಲ್ಲಾರ ಎದುರಿಗಾ?”

“ಹೌದು.”

ಅವರು ಮಡಿಲಿನ ಸಿಪ್ಪೆ ಕೊಡವಿ ಎದ್ದು ಒಳಗೆ ಹೋದರು. ತಮಿಳು ಅಕ್ಕ ನನ್ನ ಕಡೆ ತಿರುಗಿ, “ಏನ್ಮಾ, ಹಿಂಗೆ ಮಾಡ್ಬಿಟ್ಟೆ ನೀನು” ಎಂದಳು. ವೋಟು ಹಾಕಿದವಳು ನಾನೇ ಎಂಬಂತೆ.

ಅವತ್ತು ರಾತ್ರಿ ಅತ್ತೆ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದರು. ಮಾರನೆಯ ದಿನ ಬೆಳಿಗ್ಗೆ ನಾನು ದೋಸೆಹಿಟ್ಟು ರುಬ್ಬುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನನ್ನ ಮುಖ ನೋಡದೆ ಹೇಳತೊಡಗಿದರು.

ಓಲ್ಡ್ ಟೌನಿನಲ್ಲಿ, ತೀರಿಹೋಗಿದ್ದ ನಮ್ಮ ಮಾವನ ದೊಡ್ಡಪ್ಪನ ಮಗ ಇದ್ದದ್ದು ನನಗೆ ಗೊತ್ತಿತ್ತು. ಎರಡು ಮನೆಗೂ ಮಾತಿಲ್ಲ ಎಂಬುದೂ ಗೊತ್ತಿತ್ತು. ಯಾಕೆಂದು ಯಾರೂ ಹೇಳಿರಲಿಲ್ಲ. ನಾನು ಮದುವೆಯಾಗಿ ಬರುವುದಕ್ಕೂ ಎಷ್ಟೋ ವರ್ಷ ಹಿಂದೆ ಎರಡು ಸಂಸಾರವೂ ಅಲ್ಲೇ ಅಕ್ಕಪಕ್ಕದಲ್ಲಿದ್ದವಂತೆ. ಆ ದೊಡ್ಡಮಾವ ಹೊಸದಾಗಿ ಅಡುಗೆಮನೆ ಕಟ್ಟಿಸಿದರು. ಅದರ ಗೋಡೆ ನಮ್ಮ ಜಾಗಕ್ಕೆ ಒಂದು ಮೊಳ ಬಂದಿದೆಯೋ ಇಲ್ಲವೋ ಎಂದು ತಕರಾರಾಗಿ ಹಿರಿಯರು ಪಂಚಾಯ್ತಿ ಸೇರಿದರು. ಬಂದಿದೆ ಎನ್ನುವವರು, ಇಲ್ಲ ಎನ್ನುವವರು ಸಮಸಮ. ಕೊನೆಗೆ ನಮ್ಮ ಮಾವನನ್ನೇ ಕೇಳಿದರು. ಅವರು ಬಂದಿದೆ ಎಂದರು. ಗೋಡೆ ಬಿತ್ತು. ಆ ಮಳೆಗಾಲವೆಲ್ಲ ದೊಡ್ಡಮಾವನ ಹೆಂಡತಿ ಹಿತ್ತಿಲಿನಲ್ಲಿ ತಗಡಿನ ಕೆಳಗೆ ಅಡುಗೆ ಮಾಡಿದರು.

“ನಿಮ್ಮ ಮಾವನಿಗೆ ಮನಸ್ಸಿರ್ಲಿಲ್ಲ ಕಣೆ” ಎಂದರು ಅತ್ತೆ. “ಒಂದು ಮೊಳ ಹೋದ್ರೆ ಹೋಗ್ಲಿ, ಇಲ್ಲ ಅಂದ್ಬಿಡ್ತೀನಿ ಅಂದ್ರು. ಪಂಚಾಯ್ತಿಗೆ ಹೊರಟಾಗ ಕಾಫಿ ಕೊಡ್ತಾ ನಾನೇ ಹೇಳಿದ್ದು, ಸುಮ್ನೆ ಬಿಟ್ಕೊಟ್ಟು ಬಂದ್ರೆ ನೋಡಿ ಅಂತ.”

ನಾನು ಗುಂಡು ತಿರುಗಿಸುವುದನ್ನು ನಿಲ್ಲಿಸಿದೆ.

“ನಿಲ್ಲಿಸ್ಬೇಡ, ಹಿಟ್ಟು ತರಿಯಾಗುತ್ತೆ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಾಳೆ ಓಲ್ಡ್ ಟೌನಿಗೆ ಹೋಗ್ಬರೋಣ. ಡೂಕಪ್ಪ ಆಮೇಲೆ ಏನಾದ, ದಾರಿಯಲ್ಲಿ ಹೇಳು” ಎಂದರು.

ಬಸ್ಸಿನಲ್ಲಿ ಹೇಳಿದೆ. ದೊಡ್ಡಮಗ ಸೈನ್ಯ ಬಿಟ್ಟು ಶತ್ರುಗಳ ಕಡೆ ಓಡಿಹೋದದ್ದು, ಅದರಿಂದ ಅಪ್ಪನ ಮೇಲೂ ಅನುಮಾನ ಬಂದದ್ದು, ಯಾವ ಜನರಿಗಾಗಿ ಹೆಸರು ಬಿಟ್ಟನೋ ಅವರೇ ಹಿಡಿದು ಸೆರೆಗೆ ಹಾಕಿದ್ದು, ರಾಜ ಸತ್ತ ವರ್ಷವೇ ಇವನ ತಲೆಯೂ ಹೋದದ್ದು. ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಕೇಳಿದರು. ಟಿಕೆಟ್ಟು ಕೊಡಲು ಬಂದ ಕಂಡಕ್ಟರನೂ ಸ್ವಲ್ಪ ಹೊತ್ತು ನಿಂತು ಕೇಳಿ, “ಯಾವ ಊರಲ್ಲಿ ಮೇಡಂ ಆಗಿದ್ದು?” ಎಂದ.

ಬಾಗಿಲು ತೆರೆದವರು ದೊಡ್ಡಮಾವನ ಹೆಂಡತಿಯೇ, ನಮ್ಮತ್ತೆಯ ಓರಗಿತ್ತಿ. ಸಣ್ಣ ಆಳು, ಚೂಪು ಕಣ್ಣು. ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಬಿಸಿಲಲ್ಲಿ ಬಂದಿದೀಯ, ಒಳಗೆ ಬಾ” ಎಂದು ಮಾತ್ರ ಹೇಳಿ ಅಡುಗೆಮನೆಗೆ ಹೋದರು. ದೊಡ್ಡಮಾವ ಅಡಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ನಡುಮನೆಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದರು. ಅಡಕತ್ತರಿಯ ಕಟಕ್ ಸದ್ದೊಂದೇ. ಅತ್ತೆ ಏನಾದರೂ ಹೇಳಿಯಾರು ಎಂದು ನಾನು ಕಾದೆ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು: 

“ಭಾವಾ, ಫ್ರಾನ್ಸ್ ಅಂತ ಒಂದು ದೇಶ. ಅಲ್ಲಿ ಒಬ್ಬ ಡೂಕಪ್ಪ ಇದ್ದ.”

ನಾನು ಮೂರು ತಿಂಗಳು ಹೇಳಿದ್ದನ್ನು ಅವರು ಮುಕ್ಕಾಲು ಗಂಟೆಯಲ್ಲಿ ಹೇಳಿದರು. ಬಲೂನಿನ ಹತ್ತಿರ ಬಂದಾಗ ದೊಡ್ಡಮಾವ ಅಡಕತ್ತರಿ ಕೆಳಗಿಟ್ಟರು. ಪಾಠದ ಹೆಂಗಸಿನ ವಿಚಾರ ಬಂದಾಗ ಅಡುಗೆಮನೆಯ ಪಾತ್ರೆ ಸದ್ದು ನಿಂತಿತು. ಸಭೆಯ ಕತೆಗೆ ಬಂದಾಗ ಅತ್ತೆಯ ದನಿ ಸಣ್ಣದಾಯಿತು. ಡೂಕಪ್ಪ ಎದ್ದು ನಿಂತ, ಮರಣದಂಡನೆ ಎಂದ ಎಂದರು.

“ಅಯ್ಯೋ, ಯಾಕೆ? ಒಂದೇ ರಕ್ತ ಅಲ್ವಾ?” ಎಂದರು ದೊಡ್ಡಮಾವ.

“ಹೆಂಡ್ತಿ ಹೇಳಿರ್ಬೇಕು ಭಾವಾ” ಎಂದರು ಅತ್ತೆ. “ಕಾಫಿ ಕೊಡ್ತಾ ಹೇಳಿದ್ಲು. ಅವನಿಗೆ ಮನಸ್ಸಿರ್ಲಿಲ್ಲ.”

ಡೂಕಪ್ಪನ ಹೆಂಡತಿ ಅಷ್ಟರಲ್ಲಿ ಅವನನ್ನು ಬಿಟ್ಟು ತವರಿಗೆ ಹೋಗಿ ಎಷ್ಟೋ ದಿನವಾಗಿತ್ತು. ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಬಾಯಿ ಮುಚ್ಚಿಕೊಂಡು ಚಾಪೆಯ ಅಂಚು ನೋಡುತ್ತಾ ಕೂತೆ.

ಅಡುಗೆಮನೆಯ ಬಾಗಿಲಲ್ಲಿ ಓರಗಿತ್ತಿ ಬಂದು ನಿಂತಿದ್ದರು. ಕೈಯಲ್ಲಿ ಸೌಟು.

“ಅದೆಲ್ಲಾ ಇರ್ಲಿ. ಆ ರಾಜನ ಅಡುಗೆಮನೆ ಗೋಡೆ ಏನಾಯ್ತು?” ಎಂದರು.

ಮೊದಲು ನಕ್ಕವರು ದೊಡ್ಡಮಾವ. ಆಮೇಲೆ ಓರಗಿತ್ತಿ. ಅತ್ತೆ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. “ಅಕ್ಕಾ” ಎಂದು ಎದ್ದು ಹೋಗಿ ಅವರ ಕೈಯಿಂದ ಸೌಟು ಇಸಕೊಂಡು ಒಳಗೆ ಹೋದರು. ಒಳಗಿಂದ ಓರಗಿತ್ತಿಯ ದನಿ ಕೇಳಿಸಿತು. “ಆ ಮಳೆಯಲ್ಲಿ ಒಲೆ ಊದಿ ಊದಿ ನನ್ನ ಕಣ್ಣು ಹೋಗಿದ್ದು ಗೊತ್ತಾ ನಿಂಗೆ? ಉಪ್ಪಿಟ್ಟಿಗೆ ಉಪ್ಪು ಹಾಕಿದೀನಾ ನೋಡು.” ಬೈಗುಳವೂ ಅಡುಗೆಯೂ ಒಟ್ಟಿಗೇ ನಡೆದವು. ಬೈಗುಳ ಮುಗಿಯುವ ಹೊತ್ತಿಗೆ ಉಪ್ಪಿಟ್ಟು ತಳ ಹಿಡಿದಿತ್ತು. ಎಲ್ಲರೂ ಅದನ್ನೇ ತಿಂದೆವು.

ತಿನ್ನುತ್ತಾ ದೊಡ್ಡಮಾವ, “ಕೊನೆಗೆ ಅವನು ಏನಾದ?” ಎಂದರು. ಅತ್ತೆ ಹೇಳಿದರು. ತಲೆ ಕಡಿಯುವ ಜಾಗದಲ್ಲಿ ಆಳುಗಳು ಅವನ ಬೂಟು ಬಿಚ್ಚಲು ಬಂದರಂತೆ. ಒಳ್ಳೇ ಬೂಟು. ಆಮೇಲೆ ಬಿಚ್ಚಿಕೊಳ್ಳಿ, ಆಗ ಸುಲಭ ಎಂದನಂತೆ. ಅತ್ತೆ ಅದನ್ನು ಎಂಥ ಹೆಮ್ಮೆಯಿಂದ ಹೇಳಿದರೆಂದರೆ, ಬಲೂನಿನಲ್ಲಿ ಹೆದರಿದನೆಂದು ನಕ್ಕ ಪ್ಯಾರಿಸಿನವರಿಗೆಲ್ಲ ಅಲ್ಲಿಂದಲೇ ಉತ್ತರ ಕೊಟ್ಟ ಹಾಗಿತ್ತು. 

ಬಸ್‌ಸ್ಟಾಪಿನವರೆಗೆ ದೊಡ್ಡಮಾವ ನಮ್ಮ ಜೊತೆ ಬಂದರು. ಅತ್ತೆ ಸ್ವಲ್ಪ ಮುಂದೆ ಹೋದಾಗ ನನ್ನನ್ನು, “ಪುಸ್ತಕದಲ್ಲಿ ಹೆಂಡ್ತಿ ಹೇಳಿದ್ಲು ಅಂತ ಇದೆಯಾ?” ಎಂದು ಕೇಳಿದರು.

“ಇಲ್ಲ ದೊಡ್ಡಮಾವ. ಅವಳು ಆಗ ಅಪ್ಪನ ಮನೆಯಲ್ಲಿದ್ಲು.”

“ನನಗೂ ಹಂಗೇ ಅನ್ನಿಸ್ತು” ಎಂದು ಅವರು ತಲೆಯಾಡಿಸಿದರು. “ಗೋಡೆ ಒಂದು ಮೊಳ ಬಂದಿದ್ದು ನಿಜ ಕಣಮ್ಮ. ನಾನೇ ಹಗ್ಗ ಹಿಡಿದು ಅಳತೆ ಮಾಡಿದ್ದು. ನಿಮ್ಮತ್ತೆಗೆ ಹೇಳ್ಬೇಡ, ಈಗ ತಾನೇ ಸಮಾಧಾನ ಆಗಿದೆ.”

ನಾನು ಹೇಳಲಿಲ್ಲ.

ಪರೀಕ್ಷೆ ಶಿವಮೊಗ್ಗದಲ್ಲಿ. ಫ್ರಾನ್ಸಿನ ಪತ್ರಿಕೆಯ ದಿನ ಅತ್ತೆ ಹಣೆಗೆ ವಿಭೂತಿ ಇಟ್ಟು, “ಡೂಕಪ್ಪನ್ನ ಕೇಳಿದ್ರೆ ಬೂಟು ಮರೀಬೇಡ” ಎಂದು ಕಳಿಸಿದರು. ಪ್ರಶ್ನೆಪತ್ರಿಕೆಯಲ್ಲಿ ತೆರಿಗೆ ಇತ್ತು, ಒಪ್ಪಂದಗಳಿದ್ದವು, ಸಂಧಾನಗಳಿದ್ದವು. ಡ್ಯೂಕನ ಸುಳಿವೇ ಇಲ್ಲ. ಕ್ರಾಂತಿಯ ಕಾರಣಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ಎರಡು ಪುಟ ಕಾರಣ ಬರೆದು, ಕೈ ತಡೆಯಲಾರದೆ ಮೂರು ಪುಟ ಡೂಕಪ್ಪನನ್ನು ಬರೆದು ಬಂದೆ. ಮನೆಯಲ್ಲಿ ವಿಷಯ ತಿಳಿದಾಗ ಅತ್ತೆಗೆ ಕೆಂಡದಂಥ ಸಿಟ್ಟು.

“ಮೂರು ತಿಂಗಳು ಮನೇಲಿಟ್ಕೊಂಡು ಸಾಕಿದೀವಿ ಆ ಮನುಷ್ಯನ್ನ. ಒಂದು ಪ್ರಶ್ನೆ ಕೇಳೋಕಾಗ್ಲಿಲ್ವಾ ಅವರಿಗೆ?”

ಸೆಕೆಂಡ್ ಕ್ಲಾಸು ಬಂತು. ಆ ಪತ್ರಿಕೆಯಲ್ಲೇ ಎಲ್ಲಕ್ಕಿಂತ ಕಡಿಮೆ ಅಂಕ. ಆದರೂ ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು. ಓಲ್ಡ್ ಟೌನಿಗೂ ಕ್ವಾರ್ಟರ್ಸಿಗೂ ಹೋಗಿಬರುವುದು ಅಷ್ಟರಲ್ಲಿ ಮಾಮೂಲಾಗಿತ್ತು. ನಾನು ಕೆಲಸಕ್ಕೆ ಸೇರಿದ ವಾರ ಅತ್ತೆಯೂ ಓರಗಿತ್ತಿಯೂ ಕೋಟೆಯ ದೇವಸ್ಥಾನಕ್ಕೆ ಹೋಗುವ ನೆಪ ಮಾಡಿ ನನ್ನ ಜೊತೆಗೇ ಬಸ್ಸು ಹತ್ತಿದರು. 

ಎರಡನೇ ಪೀರಿಯಡ್ಡಿನಲ್ಲಿ ನಾನು ಮೌರ್ಯರ ಕಂದಾಯ ಪದ್ಧತಿ ಹೇಳುತ್ತಿದ್ದೆ. ಹುಡುಗಿಯರೆಲ್ಲ ಕಿಟಕಿಯ ಕಡೆ ನೋಡಿ ಮುಸಿಮುಸಿ ನಗತೊಡಗಿದರು. ತಿರುಗಿದರೆ ಹೊರಗೆ ಇಬ್ಬರು ಮುದುಕಿಯರು ಸೆರಗಿನಲ್ಲಿ ಪ್ರಸಾದ ಕಟ್ಟಿಕೊಂಡು, ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ. ನಾನು ನೋಡದವಳ ಹಾಗೆ ಪಾಠ ಮುಂದುವರಿಸಿದೆ. ಐದು ನಿಮಿಷ ಕೇಳಿದರು. ಆಮೇಲೆ ಓರಗಿತ್ತಿ ಇಡೀ ಕ್ಲಾಸಿಗೆ ಕೇಳುವ ಹಾಗೆ, “ಇದ್ರಲ್ಲಿ ಏನೂ ಇಲ್ಲ ಕಣೆ, ನಡಿ ದೋಸೆ ತಿನ್ನೋಣ” ಎಂದರು.

ಗಂಟೆ ಹೊಡೆದ ಮೇಲೆ ಎದುರಿನ ಹೋಟೆಲಿಗೆ ಹೋಗಿ ನೋಡಿದೆ. ಇಬ್ಬರೂ ಫ್ಯಾನಿನ ಕೆಳಗಿನ ಟೇಬಲ್ ಹಿಡಿದು ಕೂತಿದ್ದರು. ನನಗೂ ಒಂದು ಮಸಾಲೆ ಹೇಳಿಟ್ಟಿದ್ದರು.